ಚಕ್ರ ಹಲಗೆಗೆ ತಾಗಿದ ಮೇಲೆ

ನಮ್ಮ ಭಾವನ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಎಲ್ಲರಿಗೂ ಅವರು ಕತ್ತರಿ. ವಿಡಿಯೊ ಎಡಿಟಿಂಗ್ ಅವರ ಕಸುಬು. ಶಾಲೆಯ ವಾರ್ಷಿಕೋತ್ಸವ, ಕಾರ್ಖಾನೆಯ ಪ್ರಚಾರ, ಯಾರದೋ ನಿವೃತ್ತಿಯ ಸಮಾರಂಭ, ಏನನ್ನೇ ಕೊಡಿ, ಮೂರು ಗಂಟೆಯ ಸರಕನ್ನು ಹನ್ನೆರಡು ನಿಮಿಷಕ್ಕೆ ಇಳಿಸಿ, ನೋಡುವವರು ಆಕಳಿಸದ ಹಾಗೆ ಮಾಡಿಕೊಡುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ನೆರೆಮನೆಯ ವಿಷಯ ತೆಗೆದು ಅಕ್ಕ ಎರಡು ವಾಕ್ಯ ಮುಗಿಸುವಷ್ಟರಲ್ಲಿ "ಕೊನೆಗೇನಾಯ್ತು, ಅದನ್ನ ಹೇಳು" ಎನ್ನುತ್ತಿದ್ದರು. "ನನ್ನ ಮಾತಿಗೂ ಕತ್ತರಿ ಹಾಕ್ತಾರೆ ನೋಡು" ಎಂದು ಅಕ್ಕ ನನ್ನ ಹತ್ತಿರ ಗೊಣಗುತ್ತಿದ್ದಳು.

ನಾನು ಆ ಅಕ್ಕನ ತಮ್ಮ, ಕಂಪ್ಯೂಟರ್ ರಿಪೇರಿ ಅಂಗಡಿಯವನು. ಈ ಕಥೆಯಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಭಾವನನ್ನು ಮಾತ್ರ ಬೈದು ಕೈತೊಳೆದುಕೊಳ್ಳುವುದು ನನ್ನಿಂದಾಗದು. ಸರದಿ ಬಂದಾಗ ಹೇಳುತ್ತೇನೆ.

ಭಾವನ ಕಂಪ್ಯೂಟರು ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿತ್ತು. ಹದಿನೇಳು ವರ್ಷ ಹಳೆಯದು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ಮನ್ನು ಮಾಡಿದವರೇ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಬದಲಾಯಿಸೋಣವೆಂದರೆ, ಭಾವನ ಎಡಿಟಿಂಗ್ ಸಾಫ್ಟ್‌ವೇರು ಆ ಹಳೆಯ ಸಿಸ್ಟಮ್ಮಿನ ಮೇಲೆ ಮಾತ್ರ ಓಡುತ್ತಿತ್ತು. ಹೊಸದರ ಮೇಲೆ ಹಾಕಿದರೆ ಜಪ್ಪಯ್ಯ ಎಂದರೂ ತೆರೆದುಕೊಳ್ಳುತ್ತಿರಲಿಲ್ಲ. ಆ ಸಾಫ್ಟ್‌ವೇರು ಮಾಡಿದ ಕಂಪನಿಯಂತೂ ಎಂದೋ ಬಾಗಿಲು ಹಾಕಿತ್ತು. ಹೀಗೆ ಒಂದನ್ನು ಬಿಟ್ಟು ಒಂದಿರಲಾರದ ಸಂಸಾರ ಅದು. ಹೊಸ ದೊಡ್ಡ ಡಿಸ್ಕ್ ಜೋಡಿಸಿದರೆ ಆ ಸಿಸ್ಟಮ್ಮಿಗೆ ಕಣ್ಣಿಗೇ ಕಾಣದು. ಕ್ಯಾಮೆರಾದ ಹೊಸ ದೊಡ್ಡ ಮೆಮೊರಿ ಕಾರ್ಡ್ ತೂರಿಸಿದರೆ ಇದು ಯಾವ ಸೀಮೆಯದು ಎಂಬಂತೆ ಸುಮ್ಮನಿರುತ್ತಿತ್ತು. ಹಾಗಾಗಿ ಭಾವನ ಹತ್ತಿರ ಇದ್ದದ್ದು ಎರಡು ಸಣ್ಣ ಡಿಸ್ಕು, ಒಂದು ಸಣ್ಣ ಕಾರ್ಡು. ತುಂಬುವುದು, ಅಳಿಸುವುದು, ಮತ್ತೆ ತುಂಬುವುದು.

"ಭಾವ, ಈ ಮುದುಕನ್ನ ಬಿಟ್ಬಿಡಿ ಇನ್ನು" ಎಂದು ನಾನು ವರ್ಷಕ್ಕೆರಡು ಸಲವಾದರೂ ಹೇಳುತ್ತಿದ್ದೆ.

"ಕೆಲಸ ನಡೀತಿದೆಯಲ್ಲ, ಅದಕ್ಕೇನಾಗಿದೆ ಈಗ?"

ಕೊನೆಗೆ ನಾನೇ ಒಂದು ಹೊಸ ಕಂಪ್ಯೂಟರು ಜೋಡಿಸಿ ತಂದು ಕೊಟ್ಟೆ. ಮೂರು ವಾರ ಹಲ್ಲು ಕಚ್ಚಿಕೊಂಡು ಅದರ ಮುಂದೆ ಕೂತರು. ಹೊಸ ಸಾಫ್ಟ್‌ವೇರಿನಲ್ಲಿ ಕೀಲಿಗಳೆಲ್ಲ ಬೇರೆ, ಗುಂಡಿಗಳೆಲ್ಲ ಬೇರೆ. "ನಮ್ಮನೆ ಅಡುಗೆಮನೇಲೇ ಕರೆಂಟ್ ಹೋದಾಗ ಲೋಟ ಹುಡುಕಿದ ಹಾಗೆ ಆಗ್ತಿದೆ ಕಣೋ" ಎಂದವರು ನಾಲ್ಕನೇ ವಾರ ಮತ್ತೆ ಕಿಟಕಿಯ ಪಕ್ಕಕ್ಕೆ ಹೋಗಿ ಕೂತರು. ಹೊಸದರ ಮೇಲೆ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಇಡಲು ಶುರುಮಾಡಿದಳು. ನಾನು ಮುನಿಸಿಕೊಂಡು ಸುಮ್ಮನಾದೆನೇ? ಇಲ್ಲ. ಗುಜರಿ ಅಂಗಡಿಗಳನ್ನು ಜಾಲಾಡಿ ಹಳೆಯದಕ್ಕೆ ಹೊಂದುವ ಫ್ಯಾನು, ಮೆಮೊರಿ ತಂದು ಹಾಕಿ ಅದರ ಉಸಿರು ನಿಲ್ಲದ ಹಾಗೆ ನೋಡಿಕೊಂಡೆ. ಆ ರೋಗಿಗೆ ನಾನೊಬ್ಬನೇ ಡಾಕ್ಟರು ಎಂಬ ಜಂಬ ನನಗಿತ್ತು. ಬೈದುಕೊಂಡೇ ಸಾಕಿದೆ.

ಇನ್ನು ಮಿಡತೆಯ ವಿಷಯ. ಅವಳು ಅಕ್ಕ ಭಾವನ ಒಬ್ಬಳೇ ಮಗಳು. ನಡೆಯಲು ಕಲಿತಾಗಿನಿಂದ ಒಂದು ಕಡೆ ಕಾಲೂರಿ ನಿಂತವಳಲ್ಲ, ಅದಕ್ಕೇ ಆ ಹೆಸರು. ಹಳೆಯ ಬಸ್ ಡಿಪೊದ ತಗಡಿನ ಸೂರಿನ ಕೆಳಗೆ ಸ್ಕೇಟಿಂಗ್ ಕ್ಲಬ್ಬಿನವರು ಒಂದು ರ‍್ಯಾಂಪ್ ಕಟ್ಟಿದ್ದಾರೆ. ದೊಡ್ಡ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಮಲಗಿಸಿದ ಹಾಗೆ, ಎರಡು ಆಳೆತ್ತರಕ್ಕೂ ಹೆಚ್ಚು, ಎಲ್ಲ ಹಲಗೆಯದು. ಎರಡೂ ಬದಿಯ ಗೋಡೆ ಮೇಲೆ ಹೋಗುತ್ತಾ ನೆಟ್ಟಗೆ ನಿಂತುಬಿಡುತ್ತದೆ. ಅಂಚಿಗೆ ಕಬ್ಬಿಣದ ಕೊಳವೆ. ಒಂದೇ ಸಾಲಿನಲ್ಲಿ ನಾಲ್ಕು ಚಕ್ರವಿರುವ ಬೂಟು ತೊಟ್ಟವರು ಒಂದು ಬದಿಯಿಂದ ಜಾರಿ, ಇನ್ನೊಂದು ಬದಿಯ ಗೋಡೆ ಹತ್ತಿ, ಕೊಳವೆ ದಾಟಿ ಗಾಳಿಗೆ ಹಾರಿ, ಅಲ್ಲಿ ಸುತ್ತು ತಿರುಗಿ, ಮತ್ತೆ ಅದೇ ಗೋಡೆಗೆ ಇಳಿಯಬೇಕು. ವರ್ಷಕ್ಕೊಮ್ಮೆ ಅಲ್ಲಿ ಸ್ಪರ್ಧೆ. ಅದರ ಫಿಲ್ಮು ತೆಗೆಯುವ ಗುತ್ತಿಗೆ ಭಾವನದು. ಒಂಬತ್ತು ವರ್ಷದ ಮಗಳನ್ನು ಮನೆಯಲ್ಲಿ ಹಿಡಿಯಲಾರದೆ ಒಂದು ಸಲ ಜೊತೆಗೆ ಕರೆದುಕೊಂಡು ಹೋದರು. ಅವಳು ಆಮೇಲೆ ಮನಸ್ಸಿನಿಂದ ಆ ಡಿಪೊ ಬಿಟ್ಟು ಹೊರಗೆ ಬರಲೇ ಇಲ್ಲ. ಎರಡು ಸಲ ಮಣಿಕಟ್ಟು ಮುರಿಯಿತು, ಒಂದು ಸಲ ಮುಂದಿನ ಹಲ್ಲು ಹೋಯಿತು. ಅಕ್ಕ ತಲೆ ಚಚ್ಚಿಕೊಂಡಳು, ಬೂಟು ಬಚ್ಚಿಟ್ಟಳು, ಕೊನೆಗೆ ತಾನೇ ಕೂತು ಮೊಣಕಾಲಿನ ಪಟ್ಟಿ ಹೊಲಿದುಕೊಟ್ಟಳು.

ಭಾವನ ಸ್ಕೇಟಿಂಗ್ ಫಿಲ್ಮುಗಳಿಗೆ ಒಂದು ಹೆಗ್ಗುರುತಿತ್ತು. ಹಾರಿದವರು ಇಳಿಯುವಾಗ ಚಕ್ರ ಹಲಗೆಗೆ ತಾಗುತ್ತದಲ್ಲ, ಸರಿಯಾಗಿ ಅಲ್ಲಿಗೆ ಕತ್ತರಿ. ಟಕ್ ಎಂಬ ಸದ್ದು ಕೇಳಬೇಕು, ಅಷ್ಟರಲ್ಲಿ ಮುಂದಿನವರು ಗಾಳಿಯಲ್ಲಿರಬೇಕು. "ಇಳಿದ ಮೇಲೆ ನೋಡೋಕೇನಿದೆ? ತೂಗಾಡ್ತಾರೆ, ಚಡ್ಡಿ ಎಳ್ಕೋತಾರೆ, ಅಷ್ಟೆ" ಎನ್ನುತ್ತಿದ್ದರು. ಸ್ಕೇಟಿಂಗ್ ಮಕ್ಕಳಿಗೆ ಅದು ಪ್ರಾಣ. ಫಿಲ್ಮಿನಲ್ಲಿ ಯಾರೂ ತೂಗಾಡುವುದಿಲ್ಲ, ಯಾರೂ ಬೀಳುವುದಿಲ್ಲ, ಎಲ್ಲರೂ ಹಾರುತ್ತಲೇ ಇರುತ್ತಾರೆ. ಹಾರಾಟದ ಮುಂದಿನದನ್ನು, ಹಿಂದಿನದನ್ನು ಭಾವ ಬಾಲ ಎಂದು ಕರೆಯುತ್ತಿದ್ದರು. ಆದರೆ ಕೆಲಸ ಒಪ್ಪಿಸಿ ಒಂದು ವಾರವಾಗುವವರೆಗೆ ಬಾಲಗಳನ್ನು ಅಳಿಸುತ್ತಿರಲಿಲ್ಲ. ಆ ಶಿಸ್ತು ಅವರಿಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಆ ವರ್ಷದ ಸ್ಪರ್ಧೆಗೆ ಬೇರೆಯೇ ತೂಕ. ಮೊದಲ ಇಬ್ಬರಿಗೆ ದೊಡ್ಡ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಇದ್ದು ಕಲಿಯುವ ಅವಕಾಶ. ಅಲ್ಲಿಂದ ಮುಂದೆ ಹೊರದೇಶದ ಸ್ಪರ್ಧೆಗಳ ದಾರಿ. ವಯಸ್ಸು ಇಪ್ಪತ್ತರ ಒಳಗಿರಬೇಕು. ಮಿಡತೆಗೆ ಮುಂದಿನ ತಿಂಗಳೇ ಇಪ್ಪತ್ತು ತುಂಬುವುದಿತ್ತು. ಅಂದರೆ ಇದೇ ಮೊದಲು, ಇದೇ ಕೊನೆ. ಆರು ತಿಂಗಳು ಅವಳು ಕಾಲೇಜನ್ನು ಗಾಳಿಗೆ ತೂರಿ ಒಂದೇ ಜಿಗಿತದ ಬೆನ್ನು ಹತ್ತಿದ್ದಳು. ಗಾಳಿಯಲ್ಲಿ ಎರಡೂವರೆ ಸುತ್ತು. ಆ ರ‍್ಯಾಂಪಿನ ಮೇಲೆ ಅದನ್ನು ಅದುವರೆಗೆ ಒಬ್ಬ ಹುಡುಗಿಯೂ ಮಾಡಿರಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಭಾವ ಕಂಪ್ಯೂಟರನ್ನು ಬಿಚ್ಚಿ, ಆಟೊದಲ್ಲಿ ಹಾಕಿಕೊಂಡು ಡಿಪೊಗೆ ಒಯ್ದರು. ಅವರ ಪದ್ಧತಿ ಹಾಗೆ. ಒಂದು ಸುತ್ತಿನ ಶೂಟಿಂಗ್ ಮುಗಿಸಿ, ಮೆಟ್ಟಿಲ ಕೆಳಗಿನ ಮೇಜಿಗೆ ಓಡಿ, ಕಾರ್ಡಿನಿಂದ ಇಳಿಸಿ, ಕಾರ್ಡು ಅಳಿಸಿ, ಮುಂದಿನ ಸುತ್ತಿಗೆ ಸಿದ್ಧ. ಸಂಜೆ ಐದಕ್ಕೆ ಬಹುಮಾನ ಕೊಡುವ ಹೊತ್ತಿಗೆ ಫಿಲ್ಮು ಪರದೆಯ ಮೇಲೆ ಇರಬೇಕು.

ಮಧ್ಯಾಹ್ನ ನನಗೆ ಫೋನು ಬಂತು. ಅಂಗಡಿಯಲ್ಲಿ ಗಿರಾಕಿಯೊಬ್ಬ ಜಗಳಕ್ಕೆ ನಿಂತಿದ್ದ.

"ಡಿಸ್ಕ್ ಎರಡೂ ತುಂಬಿಹೋಗಿವೆ ಕಣೋ. ಕೊನೆ ಸುತ್ತು ಬಾಕಿ ಇದೆ. ಏನ್ ಮಾಡ್ಲಿ?"

"ಬಾಲಗಳನ್ನೆಲ್ಲ ಇಳಿಸಬೇಡಿ ಭಾವ. ಬೇಕಾದಷ್ಟನ್ನ ಮಾತ್ರ ತೆಗೊಂಡು ಕಾರ್ಡ್ ಅಳಿಸಿಬಿಡಿ."

"ಇವತ್ತೇ ಅಳಿಸಬಹುದಾ?"

"ಯಾರು ಕೇಳ್ತಾರೆ ಅದನ್ನ?" ಎಂದು ಫೋನಿಟ್ಟೆ. ನನ್ನ ಪಾಲು ಇದು. ಹತ್ತು ನಿಮಿಷ ಅಂಗಡಿ ಮುಚ್ಚಿ ಹೋಗಿ, ಬೇರೆ ಏನಾದರೂ ದಾರಿ ನೋಡಬಹುದಿತ್ತು. ಮನೆಯಲ್ಲಿ ಇಸ್ತ್ರಿ ಬಟ್ಟೆಯ ಕೆಳಗೆ ದೊಡ್ಡ ಡಿಸ್ಕಿನ ಹೊಸ ಕಂಪ್ಯೂಟರು ಖಾಲಿ ಬಿದ್ದಿತ್ತು. ಅದರ ನೆನಪು ಇಬ್ಬರಿಗೂ ಬರಲಿಲ್ಲ.

ಮೂರು ಗಂಟೆಗೆ ಅಕ್ಕನನ್ನು ಕರೆದುಕೊಂಡು ಕೊನೆಯ ಸುತ್ತು ನೋಡಲು ಹೋದೆ. ನಾವು ಈ ಬದಿಯ ಅಟ್ಟಣಿಗೆಯಲ್ಲಿ ಜನರ ನಡುವೆ, ಭಾವ ಎದುರು ಬದಿಯ ಅಟ್ಟಣಿಗೆಯ ಮೇಲೆ ಕ್ಯಾಮೆರಾ ಹಿಡಿದು ಒಬ್ಬರೇ. ಮಿಡತೆಯ ಕೊನೆಯ ಓಟ. ಅತ್ತ ಇತ್ತ ನಾಲ್ಕು ಸಲ ತೂಗಿ, ಐದನೇ ಸಲ ನಾವಿದ್ದ ಬದಿಯ ಗೋಡೆ ಹತ್ತಿ ಹಾರಿದಳು. ಒಂದು ಸುತ್ತು, ಎರಡು, ಇನ್ನರ್ಧ. ಚಕ್ರ ಹಲಗೆಗೆ ತಾಗಿದ ಸದ್ದು ಕೇಳಿಸಿತು. ಮಂಡಿ ಪೂರ್ತಿ ಮಡಚಿ ಕುಸಿದಂತಾದಳು, ಎದ್ದಳು, ಜಾರಿಕೊಂಡು ಭಾವನ ಕಡೆ ಹೋದಳು. ಅವಳ ಬೆನ್ನು ನಮಗಿದ್ದದ್ದರಿಂದ ನಮಗೆ ಕಂಡದ್ದು ಅಷ್ಟೇ. ಅಕ್ಕ ನನ್ನ ತೋಳನ್ನು ಹಿಂಡಿದ ಗುರುತು ಎರಡು ದಿನ ಹೋಗಲಿಲ್ಲ.

ಐದು ಗಂಟೆಗೆ ಫಿಲ್ಮು ಹಾಕಿದರು. ಭಾವ ಕೊನೆಯಲ್ಲಿ ಮಿಡತೆಯ ಜಿಗಿತವನ್ನೇ ಇಟ್ಟಿದ್ದರು. ಎರಡೂವರೆ ಸುತ್ತು, ಟಕ್, ಕತ್ತಲೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ಸ್ಪರ್ಧೆಯ ಪ್ರಾಯೋಜಕರು ಮೈಕು ಹಿಡಿದು ಕ್ರೀಡೆ ಮತ್ತು ಯುವಜನತೆಯ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದರು. ಭಾವ ಅದನ್ನೂ ಶ್ರದ್ಧೆಯಿಂದ ಶೂಟ್ ಮಾಡಿದರು. ಆಮೇಲೆ ಸ್ಥಾನಗಳನ್ನು ಓದಿದರು. ಮಿಡತೆ ಮೂರನೆಯವಳು.

ಗೋಡೆಗೆ ಅಂಟಿಸಿದ ಅಂಕಪಟ್ಟಿಯಲ್ಲಿ ಕಾರಣ ಬರೆದಿತ್ತು. ಕೊನೆಯ ಜಿಗಿತ, ಇಳಿಯುವಾಗ ಹಲಗೆಗೆ ಕೈ ಊರಿದ್ದಾರೆ. ಅದಕ್ಕೆ ಅಂಕ ಕಡಿತ. ಆ ಕಡಿತ ಇಲ್ಲದಿದ್ದರೆ ಮೊದಲ ಸ್ಥಾನ.

"ನಾನು ಕೈ ಊರಿಲ್ಲ ಮಾಮ" ಎಂದಳು ಮಿಡತೆ. ಅಳಲಿಲ್ಲ. ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು, ಅದರ ಮೇಲೆ ಏನೋ ಬರೆದಿದೆ ಎಂಬ ಹಾಗೆ. ನಿಯಮಪುಸ್ತಕ ಅವಳಿಗೆ ಬಾಯಿಪಾಠ. ಮರುದಿನ ಮಧ್ಯಾಹ್ನ ಹನ್ನೆರಡರ ಒಳಗೆ ಮೇಲ್ಮನವಿ ಕೊಡಬಹುದು. ಹಾರುವಲ್ಲಿಂದ ಹಿಡಿದು ಇಳಿದ ಮೇಲೆ ಎರಡು ಸೆಕೆಂಡಿನವರೆಗೆ, ಎಲ್ಲೂ ಕತ್ತರಿಸದ ವಿಡಿಯೊ ಇರಬೇಕು. ಗೆಳತಿಯರ ಫೋನುಗಳಲ್ಲಿದ್ದ ಮೂರೂ ವಿಡಿಯೊಗಳಲ್ಲಿ ಅವಳ ಬೆನ್ನು ಕೈಯನ್ನು ಮರೆಮಾಡಿತ್ತು. "ಪರವಾಗಿಲ್ಲ ಬಿಡು, ಅಪ್ಪ ಎದುರಿಗೇ ಇದ್ದ. ಅಪ್ಪನ ಹತ್ರ ಇರುತ್ತೆ" ಎಂದು ತಿರುಗಿ ಅಪ್ಪನನ್ನು ನೋಡಿದಳು.

ನನಗೆ ಮಧ್ಯಾಹ್ನದ ಫೋನು ನೆನಪಾಯಿತು. ಭಾವ ಕೇಬಲ್ಲು ಸುತ್ತುತ್ತಿದ್ದವರು ಸುತ್ತುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಏಳಕ್ಕೇ ನನ್ನ ಅಂಗಡಿಯ ಬಾಗಿಲು ತೆರೆಸಿದರು. ಕೈಯಲ್ಲಿ ಆ ಸಣ್ಣ ಕಾರ್ಡು. ಅಳಿಸಿದ್ದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರು ನನ್ನ ಹತ್ತಿರ ಇದೆ. ಅಳಿಸಿದ್ದು ಒಂದೇಟಿಗೆ ಹೋಗಿಬಿಡುವುದಿಲ್ಲ. ಅದರ ಮೇಲೆ ಬೇರೇನನ್ನಾದರೂ ತುಂಬುವವರೆಗೆ ಅಲ್ಲೇ ಇರುತ್ತದೆ. ಎರಡು ಗಂಟೆ ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು. ಬೇರೆಯವರ ಓಟಗಳು ಒಂದೊಂದಾಗಿ ಎದ್ದು ಬಂದವು, ಬಾಲದ ಸಮೇತ. ಒಬ್ಬ ನಿಜವಾಗಿಯೂ ಚಡ್ಡಿ ಎಳೆದುಕೊಳ್ಳುತ್ತಿದ್ದ. ಕೊನೆಯ ಸುತ್ತಿನ ಜಾಗ ಬಂದಾಗ ಪರದೆಯ ಮೇಲೆ ಪ್ರಾಯೋಜಕರು ಬಂದರು. ಮಿಡತೆಯ ಓಟ ಇದ್ದ ಜಾಗದ ಮೇಲೆ ಸರಿಯಾಗಿ ಅವರ ಭಾಷಣ ಕೂತಿತ್ತು. ಯುವಜನತೆ ನಮ್ಮ ಆಸ್ತಿ ಎನ್ನುತ್ತಿದ್ದರು. ನಾನು ಸದ್ದು ಬಂದ್ ಮಾಡಿದೆ.

"ಬೇರೆ ಎಲ್ಲ ಉಳೀತು ನೋಡು" ಎಂದರು ಭಾವ.

ಹನ್ನೊಂದೂವರೆಗೆ ಸಮಿತಿಯ ಕಚೇರಿಗೆ ಹೋದೆವು. ಬೂಟಿನ ಅಂಗಡಿಯ ಮೇಲಿನ ಮಹಡಿ, ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿ. ಭಾವ, ಮಿಡತೆ, ನಾನು ಒಂದು ಕಡೆ. ಕಾರ್ಯದರ್ಶಿ ಮತ್ತು ಕೈ ಊರಿದ್ದನ್ನು ಬರೆದ ತೀರ್ಪುಗಾರ್ತಿ ಇನ್ನೊಂದು ಕಡೆ. ಭಾವ ಇದ್ದ ತುಣುಕನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಕಾರ್ಯದರ್ಶಿ ನೋಡಿ ನಕ್ಕರು.

"ಏನ್ ಸ್ವಾಮಿ, ಬೇಕಾದ ಜಾಗಕ್ಕೇ ಕತ್ತರಿ ಹಾಕಿದೀರಲ್ಲ. ಮಗಳ ಕೈ ಕಾಣಬಾರದು ಅಂತಾನಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎಲ್ಲಿಗೆ ಎಸೆಯಬೇಕೆಂದು ನಿರ್ಧಾರವೂ ಆಗಿತ್ತು. ಅಷ್ಟರಲ್ಲಿ ಆ ತೀರ್ಪುಗಾರ್ತಿ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು.

"ನೋಡಿ ಸರ್, ನನಗೆ ಕಂಡಿದ್ದನ್ನ ನಾನು ಬರೆದೆ. ಆದ್ರೆ ನಾನಿದ್ದದ್ದು ಓರೆಯಾಗಿ. ನೀವು ಎದುರಿಗಿದ್ರಿ, ಕಣ್ಣು ಕ್ಯಾಮೆರಾದಲ್ಲಿತ್ತು. ಇಪ್ಪತ್ತು ವರ್ಷದಿಂದ ನಿಮ್ಮ ಕೆಲಸ ನೋಡಿದೀನಿ, ನೀವು ಸುಳ್ಳು ಹೇಳೋರಲ್ಲ. ನೀವೇ ಹೇಳಿ. ಊರಿಲ್ಲ ಅಂದ್ರೆ ಇಲ್ಲ ಅಂತ ನಾನು ಬರೆದುಕೊಡ್ತೀನಿ."

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮಿಡತೆ ಅಪ್ಪನ ಕಡೆ ತಿರುಗಿದಳು. ಆ ಮುಖದಲ್ಲಿ ಒಂದಿಷ್ಟೂ ಆತಂಕವಿರಲಿಲ್ಲ, ಅದೇ ನನ್ನನ್ನು ಈಗಲೂ ಕೊಲ್ಲುವುದು. ಮೇಜಿನ ಕೆಳಗೆ ನಾನು ಭಾವನ ಕಾಲನ್ನು ಒತ್ತಿದೆ. ಹೇಳಿ, ಇಲ್ಲ ಅಂತ ಒಂದು ಮಾತು ಹೇಳಿ.

"ನಾನು ನೋಡ್ಲಿಲ್ಲ" ಎಂದರು ಭಾವ.

"ನೋಡ್ಲಿಲ್ಲ ಅಂದ್ರೆ? ಕ್ಯಾಮೆರಾ ಹಿಡಿದಿದ್ದು ನೀವೇ ಅಲ್ವಾ?"

"ಹೌದು. ಆದ್ರೆ ಚಕ್ರ ತಾಗಿತು ಅಂದ್ರೆ ನನ್ನ ಕೆಲಸ ಮುಗೀತು ಅಂತ ನಂಗೆ ಅಭ್ಯಾಸ. ಕಣ್ಣು ತೆರೆದೇ ಇರುತ್ತೆ, ಮನಸ್ಸು ಮುಂದಿನ ಶಾಟಿಗೆ ಹೋಗಿರುತ್ತೆ. ಅವಳು ಕೈ ಊರಿದ್ಲೋ ಇಲ್ವೋ, ನಿಜವಾಗ್ಲೂ ನಂಗೆ ಗೊತ್ತಿಲ್ಲಮ್ಮ."

ತೀರ್ಪುಗಾರ್ತಿ ಗಡಿಯಾರ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

ಮೆಟ್ಟಿಲಿಳಿಯುವಾಗ ನಾನು ಬಾಯಿಗೆ ಬಂದ ಹಾಗೆ ಬೈದೆ. ಹಿರಿಯರೆಂದು ನೋಡಲಿಲ್ಲ. ಸತ್ಯ ಹೇಳುವುದಕ್ಕೆ ನಿಮಗೆ ಬೇರೆ ದಿನ ಸಿಗಲಿಲ್ಲವೇ ಎಂದೆ. ಮಗಳು ಇಲ್ಲ ಎಂದ ಮೇಲೆ ಅದನ್ನು ನಂಬಿ ಇಲ್ಲ ಎನ್ನುವುದಕ್ಕೆ ನಿಮಗೇನಾಗಿತ್ತು ಎಂದೆ. ಅವರು ತಿರುಗಿ "ಬಾಲ ಅಳಿಸು ಅಂದವನು ನೀನಲ್ವೇನೋ" ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅನ್ನಲಿಲ್ಲ. ಆ ಫೋನಿನ ವಿಷಯವನ್ನು ಇವತ್ತಿಗೂ ಅಕ್ಕನಿಗೆ, ಮಗಳಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗೂ ಬಂದಿಲ್ಲ.

ಮನೆಗೆ ಬಂದಮೇಲೆ ಮಿಡತೆ ಅಪ್ಪನ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಆ ತುಣುಕನ್ನು ಹಾಕಲು ಹೇಳಿದಳು. ಏಳು ಸಲ ನೋಡಿದಳು, ನಾನು ಎಣಿಸಿದೆ. ಪ್ರತಿ ಸಲವೂ ಎರಡೂವರೆ ಸುತ್ತು ಹಾರಿದಳು, ಪ್ರತಿ ಸಲವೂ ಚಕ್ರ ಹಲಗೆಗೆ ತಾಗಿತು, ಕತ್ತಲೆಯಾಯಿತು.

"ಚೆನ್ನಾಗಿ ಕತ್ತರಿಸಿದೀಯ ಅಪ್ಪ" ಎಂದಳು. ಚುಚ್ಚುಮಾತಲ್ಲ. ಚಿಕ್ಕಂದಿನಿಂದ ಅವರ ಕೆಲಸ ನೋಡಿ ಬೆಳೆದವಳು, ಮೆಚ್ಚಿಯೇ ಹೇಳಿದಳು. ಭಾವ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದರು.

ಇದಾಗಿ ನಾಲ್ಕು ವರ್ಷ. ಮಿಡತೆ ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕೌಂಟರಿನ ಹಿಂದೆ ಎಂಟು ಗಂಟೆ ನಿಂತಲ್ಲೇ ನಿಲ್ಲುತ್ತಾಳೆ, ಅವಳನ್ನು ಮಿಡತೆ ಎಂದು ಕರೆಯಲು ನಮಗೇ ನಾಚಿಕೆಯಾಗುತ್ತದೆ. ಬೂಟುಗಳನ್ನು ಯಾರಿಗೋ ಕೊಟ್ಟಳು. ಅಪ್ಪನ ಜೊತೆ ಮಾತು ಬಿಟ್ಟಿಲ್ಲ, ಮುನಿಸೂ ಇಲ್ಲ. ಊಟ ಬಡಿಸುತ್ತಾಳೆ, ಮಾತ್ರೆ ತಂದುಕೊಡುತ್ತಾಳೆ. ಒಂದು ಸಲ ಕೂಗಾಡಿ ಮುಗಿಸಿದ್ದರೆ ಮನೆ ಇಷ್ಟು ಭಾರವಾಗುತ್ತಿರಲಿಲ್ಲ ಎನ್ನುತ್ತಾಳೆ ಅಕ್ಕ. ಸ್ಕೇಟಿಂಗ್ ಕ್ಲಬ್ಬಿನವರು ಫಿಲ್ಮಿಗೆ ಬೇರೆಯವರನ್ನು ಹಿಡಿದುಕೊಂಡರು.

ಭಾವ ಹೊಸ ಕಂಪ್ಯೂಟರಿಗೆ ಬಂದರು. ಆ ವಾರವೇ ಬಟ್ಟೆಗಳನ್ನು ಇಳಿಸಿ, ಒರೆಸಿ, ಕಿಟಕಿಯ ಪಕ್ಕಕ್ಕೆ ತಾವೇ ಎಳೆದುಕೊಂಡರು. ಹಳೆಯದನ್ನು ಗುಜರಿಗೆ ಹಾಕಲು ಮಾತ್ರ ಒಪ್ಪಲಿಲ್ಲ. ಹೊಸ ಸಾಫ್ಟ್‌ವೇರಿನ ಕೀಲಿಗಳನ್ನು ಐವತ್ತಾರನೇ ವಯಸ್ಸಿನಲ್ಲಿ ಚೀಟಿ ಬರೆದು ಅಂಟಿಸಿಕೊಂಡು ಕಲಿತರು. ದೊಡ್ಡ ಡಿಸ್ಕು, ದೊಡ್ಡ ಕಾರ್ಡು, ಬೇಕಾದಷ್ಟು ಜಾಗ. ಆದರೆ ಕತ್ತರಿ ಓಡುವುದಿಲ್ಲ. ಭಾಷಣ ಮುಗಿದು ಜನ ಎದ್ದು ಹೋದಮೇಲೂ ಅವರ ವಿಡಿಯೊದಲ್ಲಿ ಖಾಲಿ ಮೈಕು ನಿಂತೇ ಇರುತ್ತದೆ. ಹಾಡು ಮುಗಿಸಿದ ಮಗು ವೇದಿಕೆ ಇಳಿದು, ಅಮ್ಮನ ಹತ್ತಿರ ಹೋಗಿ, ಶೂ ಬಿಚ್ಚಿಸಿಕೊಳ್ಳುವವರೆಗೆ ಓಡುತ್ತದೆ. ಗಿರಾಕಿಗಳು ದೂರಲು ಶುರುಮಾಡಿದರು. ಹೇಳಿದರೆ "ಇರ್ಲಿ ಬಿಡು, ಏನಕ್ಕಾದ್ರೂ ಬೇಕಾಗುತ್ತೆ" ಎನ್ನುತ್ತಾರೆ. ಕೊನೆಗೆ ಅಕ್ಕ ಅವರಿಗೆ ತಿಳಿಯದ ಹಾಗೆ ಫೈಲುಗಳನ್ನು ನನ್ನ ಅಂಗಡಿಗೆ ತಂದುಕೊಡುತ್ತಾಳೆ. ಬಾಲಗಳನ್ನು ನಾನು ಕತ್ತರಿಸಿ ಗಿರಾಕಿಗೆ ತಲುಪಿಸುತ್ತೇನೆ.

ಹೋದ ವಾರ ಒಂದು ಶಾಲೆಯ ಕ್ರೀಡಾಕೂಟ ಬಂತು. ಉದ್ದ ಜಿಗಿತ. ಎರಡು ಜಡೆಯ ಹುಡುಗಿಯೊಬ್ಬಳು ಓಡಿ ಬಂದು ಹಾರಿ ಮರಳಿನಲ್ಲಿ ಬಿದ್ದಳು. ಎದ್ದು, ಮರಳು ಕೊಡವಿಕೊಂಡು, ಗೆಳತಿಯರ ಕಡೆ ಓಡಿದಳು. ಅಳತೆಯವರು ಅಳೆದರು, ಹೋದರು. ಪರದೆಯ ಮೇಲೆ ಬರಿಯ ಮರಳಿನ ಗುಂಡಿ ಉಳಿಯಿತು. ಇಲ್ಲಿಗೆ ಕತ್ತರಿಸೋಣ ಎಂದು ನಾನು ಕೀಲಿಯ ಮೇಲೆ ಬೆರಳಿಟ್ಟಿದ್ದೆ. ಆಗ ಕ್ಯಾಮೆರಾದ ಹಿಂದಿನಿಂದ ಭಾವನ ದನಿ ಕೇಳಿಸಿತು, ಮೆಲ್ಲಗೆ, ಪಕ್ಕದಲ್ಲಿದ್ದ ಯಾರನ್ನೋ ಕೇಳುವ ಹಾಗೆ.

"ಕೈ ಊರಿದ್ಲಾ?"

"ಯಾರು ಸರ್?" ಎಂದಿತು ಇನ್ನೊಂದು ದನಿ.

ಕ್ಯಾಮೆರಾ ಇನ್ನೂ ಆರು ನಿಮಿಷ ಆ ಮರಳನ್ನೇ ನೋಡುತ್ತಿತ್ತು. ಅದನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಗಿರಾಕಿಗೆ ಕಳಿಸಿದೆ. ಆ ಬಾಲವನ್ನು ಮಾತ್ರ ಇನ್ನೂ ಅಳಿಸಿಲ್ಲ.